ಸೀಮೆಸುಣ್ಣದ ಗುಡ್ಡಗಳಲ್ಲಿ ಮನೆಮಂದಿಯ ನಡಿಗೆ

ಮಗಳ ಬಾಣಂತನಕ್ಕೋ ಮೊಮ್ಮಕ್ಕಳ ಬೇಸಿಗೆ ರಜೆಗೋ ಇಂಗ್ಲೆಂಡಿಗೆ ಹೋಗಿಬರುವ ಕನ್ನಡದ ಅಪ್ಪ ಅಮ್ಮಂದಿರು ಈಗ ಊರೂರಿನಲ್ಲಿದ್ದಾರೆ. ಹೋದವರನ್ನು ಮಕ್ಕಳು ಲಂಡನ್ನಿನ ಅರಮನೆಗೆ, ಥೇಮ್ಸ್ ದಂಡೆಯ ಬಸವಣ್ಣನ ಪ್ರತಿಮೆಗೆ, ಇನ್ನೊಂದು ದಿನ ಷೇಕ್ಸ್‌ಪಿಯರ್ ಹುಟ್ಟಿದ ಊರಿಗೆ ಕರೆದೊಯ್ಯುತ್ತಾರೆ. ಅಲ್ಲಿಗೆ ನೋಡಬೇಕಾದ ಜಾಗಗಳ ಪಟ್ಟಿ ಮುಗಿಯುತ್ತದೆ. ಉಳಿದ ವಾರಗಳು ಮನೆಯೊಳಗೇ ಕಳೆದುಹೋಗುತ್ತವೆ. ಮಂಡಿನೋವಿನ ಅಜ್ಜಿ, ಐದು ವರ್ಷದ ಮೊಮ್ಮಗ, ವಾರವೆಲ್ಲ ಕಂಪ್ಯೂಟರಿನ ಮುಂದೆ ಕೂತು ದಣಿದ ಮಗಳು ಅಳಿಯ, ಎಲ್ಲರೂ ಒಟ್ಟಿಗೆ ಹೋಗಿ ಒಟ್ಟಿಗೆ ಖುಷಿಪಡುವ ಜಾಗ ಯಾವುದು ಎಂದು ಯಾರಾದರೂ ಕೇಳಿದರೆ ನಾನು ತಡಮಾಡದೆ ಹೇಳುವುದು ಸೌತ್ ಡೌನ್ಸ್ ಎಂದು. ಲಂಡನ್ನಿನ ವಿಕ್ಟೋರಿಯಾ ನಿಲ್ದಾಣದಲ್ಲಿ ದಕ್ಷಿಣದ ರೈಲು ಹತ್ತಿದರೆ ಹೆಚ್ಚುಕಡಿಮೆ ಒಂದೂವರೆ ಗಂಟೆಯಲ್ಲಿ ಸಸೆಕ್ಸ್ ಸೀಮೆಯ ಸಮುದ್ರ ಸಿಗುತ್ತದೆ. ಆ ಸಮುದ್ರದ ಬೆನ್ನಿಗೇ ಈ ಬಿಳಿಗಲ್ಲಿನ ಹಸಿರು ಗುಡ್ಡಗಳ ಸಾಲು.

ಚಾರಣ ಎಂದಕೂಡಲೇ ನಮಗೆ ಕುಮಾರಪರ್ವತದ ಏರು, ಕಾಲಿಗೆ ಹತ್ತುವ ಇಂಬಳ, ಬೆನ್ನಮೇಲಿನ ಹೊರೆ ನೆನಪಾಗುತ್ತವೆ. ಅದನ್ನೆಲ್ಲ ಇಲ್ಲಿ ಮರೆಯಬೇಕು. ಈ ಸಾಲಿನ ಅತಿ ಎತ್ತರದ ಸುಣ್ಣದ ಗುಡ್ಡ ಬಟ್ಸರ್ ಹಿಲ್ ಸಮುದ್ರಮಟ್ಟದಿಂದ 271 ಮೀಟರ್. ಹೆಸರುವಾಸಿಯಾದ ಡಿಚ್ಲಿಂಗ್ ಬೀಕನ್ 248 ಮೀಟರ್. ದಟ್ಟ ಕಾಡು ಕಡಿಮೆ, ಹತ್ತಬೇಕಾದ ಬಂಡೆ ಇಲ್ಲವೇ ಇಲ್ಲ. ಕುರಿ ಮೇಯ್ದು ನುಣ್ಣಗಾದ ಗಿಡ್ಡ ಹುಲ್ಲಿನ ಮೇಲೆ ನಡಿಗೆ. ಯಾವ ದಿಕ್ಕಿಗೆ ನೋಡಿದರೂ ಕಣ್ಣಿಗೆ ಅಡ್ಡಿಯಿಲ್ಲದ ಬಯಲು, ಒಂದು ಬದಿಗೆ ಕಡಲು.

ಗುಡ್ಡ ತಗ್ಗಾಗಿದೆ ಎನ್ನುವುದು ಅರ್ಧ ಕಾರಣ ಅಷ್ಟೆ. ಮಕ್ಕಳೂ ಮುದುಕರೂ ನಿಶ್ಚಿಂತೆಯಿಂದ ನಡೆಯುವಂತೆ ಈ ನಾಡನ್ನು ಜನ ನೂರು ವರ್ಷಗಳಿಂದ ಹೋರಾಡಿ, ಹಣ ಕೂಡಿಸಿ, ಕಾನೂನು ಮಾಡಿಸಿ ಉಳಿಸಿಕೊಂಡಿದ್ದಾರೆ. ಇಲ್ಲಿ ನಡೆಯುವವರಿಗೆ ಕಾಲಡಿಯ ಕಲ್ಲಿನ ಕಥೆ, ಈ ಜನರ ಕಥೆ ಎರಡೂ ಗೊತ್ತಿದ್ದರೆ ನಡಿಗೆಯ ಸುಖ ದುಪ್ಪಟ್ಟಾಗುತ್ತದೆ ಎಂಬುದು ನನ್ನ ಗಟ್ಟಿ ನಂಬಿಕೆ.

ಮೊದಲು ಕಲ್ಲು. ಸುಮಾರು 10 ಕೋಟಿ ವರ್ಷಗಳ ಹಿಂದಿನಿಂದ 6.6 ಕೋಟಿ ವರ್ಷಗಳ ಹಿಂದಿನವರೆಗೆ, ಡೈನೋಸಾರ್‌ಗಳ ಕೊನೆಯ ಯುಗದಲ್ಲಿ, ಈಗಿನ ದಕ್ಷಿಣ ಇಂಗ್ಲೆಂಡು ಬೆಚ್ಚಗಿನ ಸಮುದ್ರದ ತಳವಾಗಿತ್ತು. ಆ ನೀರಿನ ಮೇಲ್ಪದರದಲ್ಲಿ ತೇಲುತ್ತಿದ್ದ ಒಂಟಿ ಜೀವಕೋಶದ ಪಾಚಿಗಳು ತಮ್ಮ ಮೈಸುತ್ತ ಸುಣ್ಣದ ಬಿಲ್ಲೆಗಳನ್ನು ಕಟ್ಟಿಕೊಳ್ಳುತ್ತಿದ್ದವು. ಒಂದೊಂದು ಬಿಲ್ಲೆಯ ಅಗಲ ಮಿಲಿಮೀಟರಿನ ಸಾವಿರದಲ್ಲಿ ಕೆಲವೇ ಭಾಗ. ಪಾಚಿ ಸತ್ತಾಗ ಬಿಲ್ಲೆಗಳು ಮೆಲ್ಲಗೆ ತಳಕ್ಕಿಳಿದು ಕೆಸರಾಗಿ ಕೂರುತ್ತಿದ್ದವು. ಸಾವಿರ ವರ್ಷಕ್ಕೆ ಒಂದೆರಡು ಸೆಂಟಿಮೀಟರ್ ದಪ್ಪ, ಅಷ್ಟು ನಿಧಾನ. ಹೀಗೆ ಕೂತು ಕೂತು ನೂರಾರು ಮೀಟರ್ ಆಳದ ಬಿಳಿಯ ಕಲ್ಲಾಯಿತು. ಮುಂದೆ ಆಲ್ಪ್ಸ್ ಪರ್ವತಗಳನ್ನು ಎಬ್ಬಿಸಿದ ಭೂಮಿಯ ಒತ್ತಡವೇ ಈ ಕಡಲತಳವನ್ನೂ ಗುಮ್ಮಟವಾಗಿ ಉಬ್ಬಿಸಿತು. ಗುಮ್ಮಟದ ನೆತ್ತಿ ಮಳೆಗಾಳಿಗೆ ಸವೆದುಹೋಗಿ ಎರಡು ಅಂಚುಗಳು ಮಾತ್ರ ಉಳಿದವು: ಉತ್ತರಕ್ಕೆ ನಾರ್ತ್ ಡೌನ್ಸ್, ದಕ್ಷಿಣಕ್ಕೆ ಸೌತ್ ಡೌನ್ಸ್.

1868ರಲ್ಲಿ ವಿಜ್ಞಾನಿ ಥಾಮಸ್ ಹೆನ್ರಿ ಹಕ್ಸ್ಲಿ ನಾರಿಚ್ ಊರಿನ ಕೂಲಿ ಕಾರ್ಮಿಕರ ಮುಂದೆ ಒಂದು ತುಂಡು ಸೀಮೆಸುಣ್ಣವನ್ನೇ ವಿಷಯವಾಗಿಟ್ಟುಕೊಂಡು ಉಪನ್ಯಾಸ ಮಾಡಿದ. ಬಡಗಿ ಗೆರೆ ಎಳೆಯಲು ಜೇಬಿನಲ್ಲಿಟ್ಟುಕೊಳ್ಳುವ ಆ ತುಂಡಿನೊಳಗೆ ಭೂಮಿಯ ಇತಿಹಾಸವೇ ಇದೆ ಎಂದು ಶಾಲೆ ಕಾಣದವರಿಗೂ ತಿಳಿಯುವಂತೆ ವಿವರಿಸಿದ. ವಿಜ್ಞಾನವನ್ನು ಜನರ ಮುಂದಿಡುವುದು ಹೇಗೆ ಎಂಬುದಕ್ಕೆ ಆ ಉಪನ್ಯಾಸವನ್ನು ಇವತ್ತಿಗೂ ಉದಾಹರಣೆ ಕೊಡುತ್ತಾರೆ. ಹಕ್ಸ್ಲಿ ಕೊನೆಗಾಲದಲ್ಲಿ ಇದೇ ಗುಡ್ಡಗಳ ಬುಡದ ಈಸ್ಟ್‌ಬೋರ್ನ್‌ನಲ್ಲಿ ಮನೆ ಕಟ್ಟಿಸಿಕೊಂಡು ಅಲ್ಲೇ 1895ರಲ್ಲಿ ತೀರಿಕೊಂಡ. ಮಕ್ಕಳಿಗೆ ಈ ಕಥೆ ಹೇಳಲು ಕಡಲತೀರಕ್ಕಿಂತ ಒಳ್ಳೆಯ ತರಗತಿ ಬೇರೊಂದಿಲ್ಲ. ಬಿದ್ದಿರುವ ಬಿಳಿಯ ತುಂಡೊಂದನ್ನು ಎತ್ತಿ ಕರಿಯ ಕಲ್ಲಿನ ಮೇಲೆ ಗೀಚಿದರೆ ಬರೆಯುತ್ತದೆ. ಆ ಕರಿಯ ಕಲ್ಲೂ ಇದೇ ಬೆಟ್ಟದ್ದು. ಹಳೆಯ ಕಡಲಿನ ಸ್ಪಂಜು ಪ್ರಾಣಿಗಳ ಮೈಯೊಳಗಿದ್ದ ಮರಳಿನ ಸತ್ವ ಕರಗಿ, ಸುಣ್ಣದ ಪದರಗಳ ನಡುವೆ ಮತ್ತೆ ಗಟ್ಟಿಯಾಗಿ, ಚಕಮಕಿ ಕಲ್ಲಾಗಿ ಕೂತಿದೆ. ಬಿಳಿಯ ಕಡಲಗೋಡೆಯನ್ನು ದೂರದಿಂದ ನೋಡಿದರೆ ಅಡ್ಡಡ್ಡ ಕಪ್ಪು ಗೆರೆಗಳು ಕಾಣುತ್ತವಲ್ಲ, ಅವು ಈ ಚಕಮಕಿಯ ಸಾಲುಗಳು. ಶಿಲಾಯುಗದ ಜನ ಇದನ್ನು ಅಗೆದು ಕೊಡಲಿ ಮಾಡಿಕೊಂಡರು, ಹಳ್ಳಿಯವರು ಇದರಿಂದಲೇ ಇಗರ್ಜಿ, ಮನೆ, ಕಣಜಗಳ ಗೋಡೆ ಕಟ್ಟಿದರು.

ಸೆವೆನ್ ಸಿಸ್ಟರ್ಸ್ ಎಂಬ ಕಡಲಗೋಡೆಯ ಚಿತ್ರವನ್ನು ನೀವು ಎಲ್ಲಾದರೂ ನೋಡಿರುತ್ತೀರಿ. ಏರು, ಇಳಿವು, ಮತ್ತೆ ಏರು, ಹೀಗೆ ಏಳು ಬಿಳಿಯ ಶಿಖರಗಳು ಸಾಲಾಗಿ ಸಮುದ್ರಕ್ಕೆ ಮುಖಮಾಡಿ ನಿಂತಿವೆ. ಎಣಿಸುವ ಹಟವಿರುವ ಮಕ್ಕಳಿಗೆ ಎಂಟನೆಯ ಸಣ್ಣದೊಂದೂ ಸಿಗುತ್ತದೆ. ಇವುಗಳಲ್ಲಿ ಎತ್ತರದ್ದು ಹೇವನ್ ಬ್ರೋ, 77 ಮೀಟರ್. ಈ ಏರಿಳಿತ ಹೇಗೆ ಬಂತು ಎಂದು ಮೊಮ್ಮಗ ಕೇಳಿದರೆ ಉತ್ತರ ಹೀಗೆ. ಸುಣ್ಣದ ಕಲ್ಲು ಮಳೆನೀರನ್ನು ನಿಲ್ಲಗೊಡದೆ ಒಳಗೆ ಹೀರುತ್ತದೆ. ಹಾಗಾಗಿ ಈ ಗುಡ್ಡಗಳ ಮೇಲೆ ಹಳ್ಳತೊರೆಗಳೇ ಇಲ್ಲ. ಆದರೆ ಹಿಮಯುಗದಲ್ಲಿ ನೆಲ ಆಳದವರೆಗೆ ಹೆಪ್ಪುಗಟ್ಟಿ ಕಲ್ಲಿನ ಬಾಯಿ ಮುಚ್ಚಿಹೋಗಿತ್ತು. ಬೇಸಿಗೆಯಲ್ಲಿ ಕರಗಿದ ಹಿಮ ಇಂಗಲಾರದೆ ಮೇಲೆಯೇ ಹರಿದು ಕಣಿವೆ ಕೊರೆಯಿತು. ಚಳಿಯುಗ ಕಳೆದ ಮೇಲೆ ನೀರು ಮತ್ತೆ ಒಳಗೆ ಇಂಗತೊಡಗಿ ಕಣಿವೆಗಳು ಒಣಗಿದವು. ಇತ್ತ ಕಡಲು ಗುಡ್ಡವನ್ನು ಅಂಚಿನಿಂದ ತಿನ್ನುತ್ತ ಬಂದು, ಚಾಕುವಿನಿಂದ ಹಲಸಿನಹಣ್ಣನ್ನು ಅಡ್ಡ ಸೀಳಿದ ಹಾಗೆ, ಆ ಕಣಿವೆದಿಣ್ಣೆಗಳನ್ನು ಅಡ್ಡಲಾಗಿ ಕೊಯ್ದಿತು. ಒಂದೊಂದು ಶಿಖರವೂ ಒಂದು ದಿಣ್ಣೆಯ ಕೊಯ್ದ ಮುಖ, ನಡುವಿನ ತಗ್ಗು ಒಂದೊಂದು ಒಣಕಣಿವೆ. ಇದೇ ಒಣಕಣಿವೆಯ ಭಾರೀ ರೂಪ ನೋಡಬೇಕೆಂದರೆ ಬ್ರೈಟನ್ ಬಳಿಯ ಡೆವಿಲ್ಸ್ ಡೈಕ್‌ಗೆ ಹೋಗಬೇಕು. ಸಸೆಕ್ಸಿನ ಇಗರ್ಜಿಗಳನ್ನು ಕಡಲಿನಲ್ಲಿ ಮುಳುಗಿಸಲು ಸೈತಾನ ರಾತ್ರೋರಾತ್ರಿ ತೋಡಿದ ಕಾಲುವೆ ಅದು ಎಂದು ಅಲ್ಲಿನ ಅಜ್ಜಿಕಥೆ.

ಕಡಲು ಇನ್ನೂ ಕೊಯ್ಯುತ್ತಲೇ ಇದೆ. ಈ ಮಾತನ್ನು ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ಇಡೀ ನಡಿಗೆಯಲ್ಲಿ ಎಲ್ಲಕ್ಕಿಂತ ದೊಡ್ಡ ಅಪಾಯವೆಂದರೆ ಇದೇ. ಸೆವೆನ್ ಸಿಸ್ಟರ್ಸ್‌ನ ಅಂಚು ಸರಾಸರಿ ವರ್ಷಕ್ಕೆ 30–40 ಸೆಂಟಿಮೀಟರ್ ಹಿಂದೆ ಸರಿಯುತ್ತದೆ. ಸರಾಸರಿ ಎಂಬ ಮಾತು ಇಲ್ಲಿ ಮೋಸಮಾಡುತ್ತದೆ. ಹಲವು ವರ್ಷ ಏನೂ ಆಗದೆ, ಒಂದು ದಿನ ಮುನ್ಸೂಚನೆಯೇ ಇಲ್ಲದೆ ಹಲವು ಮೀಟರ್ ಅಗಲದ ಗೋಡೆ ಒಮ್ಮೆಲೇ ಕುಸಿಯುತ್ತದೆ. ಅಲೆ ಬುಡವನ್ನು ಕೊರೆಯುವುದರಿಂದ ಮೇಲಿನ ಹುಲ್ಲಿನ ಅಂಚು ಕೆಳಗೆ ಆಸರೆಯೇ ಇಲ್ಲದೆ ಚಾಚಿಕೊಂಡಿರುತ್ತದೆ. ನಿಂತವರಿಗೆ ಅದು ತಿಳಿಯುವುದಿಲ್ಲ. ಕಂಬಿ, ಬೇಲಿ ಬಹುಪಾಲು ಕಡೆ ಇಲ್ಲ. ಫೋಟೋಕ್ಕೆಂದು ಅಂಚಿಗೆ ಹೋಗಿ, ಅಲ್ಲಿ ಹಾರಿ ಜೀವ ಕಳೆದುಕೊಂಡವರಿದ್ದಾರೆ. ಕೈಹಿಡಿದು ನಡೆಯುವ ವಯಸ್ಸಿನ ಮಗುವಿದ್ದರೆ ಅಂಚಿನಿಂದ ಬಹುದೂರ, ಒಳಗಿನ ಹುಲ್ಲಿನ ಮೇಲೆಯೇ ನಡೆಯಬೇಕು. ಅಲ್ಲಿಂದ ಕಾಣುವ ನೋಟ ಎಳ್ಳಷ್ಟೂ ಕಡಿಮೆಯಲ್ಲ. ಕೆಳಗೆ ತೀರದಲ್ಲಿ ಓಡಾಡುವಾಗಲೂ ಗೋಡೆಗೆ ಒರಗಿ ಕೂರುವುದು, ಅದರ ನೆರಳಿನಲ್ಲಿ ಬುತ್ತಿ ಬಿಚ್ಚುವುದು ಬೇಡವೇ ಬೇಡ. ಭರತದ ಹೊತ್ತನ್ನು ಮೊದಲೇ ನೋಡಿಕೊಂಡು ಇಳಿಯಬೇಕು. ನೀರು ಏರಿದಾಗ ಗೋಡೆಗೂ ಅಲೆಗೂ ನಡುವೆ ಕೆಲವೆಡೆ ಜಾಗವೇ ಉಳಿಯುವುದಿಲ್ಲ.

ಈ ಸವೆತವೇ ಗೋಡೆಯ ಬಿಳುಪನ್ನೂ ಕಾಯುತ್ತದೆ. ಕುಸಿದಾಗಲೆಲ್ಲ ಹೊಸ ಮುಖ ತೆರೆದುಕೊಳ್ಳುತ್ತದೆ. ಸವೆತ ನಿಂತರೆ ಪಾಚಿ, ಹುಲ್ಲು ಹಿಡಿದು ಬಣ್ಣ ಮಂಕಾಗುತ್ತದೆ. ಮನುಷ್ಯರು ಈ ಕಡಲಿನೊಂದಿಗೆ ಹೊಂದಿಕೊಂಡ ರೀತಿಯನ್ನು ನೋಡಲು ಬರ್ಲಿಂಗ್ ಗ್ಯಾಪ್‌ಗಿಂತ ಒಳ್ಳೆಯ ಜಾಗವಿಲ್ಲ. ಅಲ್ಲಿ ಕರಾವಳಿ ಕಾವಲಿನವರಿಗೆಂದು 19ನೇ ಶತಮಾನದಲ್ಲಿ ಕಟ್ಟಿದ ಮನೆಗಳ ಸಾಲೊಂದಿತ್ತು. ಅಂಚು ಹತ್ತಿರ ಬಂದಂತೆಲ್ಲ ಒಂದೊಂದಾಗಿ ಕೆಡವುತ್ತ ಬಂದಿದ್ದಾರೆ. ಅಲ್ಲಿಂದ ಪೂರ್ವಕ್ಕೆ ಏರಿದರೆ ಬೆಲ್ ಟೂಟ್ ಎಂಬ 1830ರ ದಶಕದ ಕಲ್ಲಿನ ದೀಪಸ್ತಂಭ. 1999ರಲ್ಲಿ ಅಂಚು ತೀರ ಸಮೀಪಿಸಿದಾಗ ಇಡೀ ಕಟ್ಟಡವನ್ನು ಜಾಕ್‌ಗಳಿಂದ ಎತ್ತಿ, ತೊಲೆಗಳ ಮೇಲೆ ಜಾರಿಸಿ 17 ಮೀಟರ್ ಒಳಕ್ಕೆ ಸರಿಸಿದರು. ಮತ್ತೆ ಸರಿಸಬೇಕಾದೀತೆಂದು ಅಡಿಪಾಯವನ್ನೂ ಅದಕ್ಕೆ ತಕ್ಕಂತೆಯೇ ಹಾಕಿದ್ದಾರೆ. ಇನ್ನೂ ಮುಂದೆ ಬೀಚಿ ಹೆಡ್, 162 ಮೀಟರ್, ಬ್ರಿಟನ್ನಿನ ಅತಿ ಎತ್ತರದ ಸುಣ್ಣದ ಕಡಲಗೋಡೆ. ಅದರ ಬುಡದಲ್ಲಿ ನೀರಿನ ನಡುವೆ ಕೆಂಪು ಬಿಳಿ ಪಟ್ಟೆಗಳ ದೀಪಸ್ತಂಭವಿದೆ. 1902ರಿಂದ ಅದು ಬೆಲ್ ಟೂಟ್‌ನ ಕೆಲಸ ವಹಿಸಿಕೊಂಡಿದೆ.

ಕಲ್ಲಿನ ಮೇಲೆ ಹಾಸಿದ ಹುಲ್ಲಿನದೂ ಒಂದು ಕಥೆಯಿದೆ. ದೂರದಿಂದ ಬರೀ ಹಸಿರು ಹಾಸು, ಮಂಡಿಯೂರಿ ಕೂತರೆ ಬೇರೊಂದು ಲೋಕ. ಒಂದು ಚದರ ಮೀಟರ್ ಜಾಗದಲ್ಲಿ 40 ಬಗೆಯ ಗಿಡಗಳು ಸಿಗಬಹುದು. ಮಣ್ಣು ತೀರ ತೆಳು, ಸತ್ವ ಕಡಿಮೆ. ಹಾಗಾಗಿ ಯಾವುದೇ ಒಂದು ಗಿಡ ಸೊಕ್ಕಿ ಬೆಳೆದು ಉಳಿದವನ್ನು ತುಳಿಯಲು ಆಗುವುದಿಲ್ಲ. ಮೇಲಿನಿಂದ ಕುರಿ ಎಲ್ಲವನ್ನೂ ಗಿಡ್ಡಗೆ ಮೇಯುತ್ತಿರುತ್ತದೆ. ಸಾವಿರಾರು ವರ್ಷಗಳ ಕುರಿಮೇವಿನಿಂದ ಆದ ಹುಲ್ಲುಗಾವಲು ಇದು. ಗ್ಲೈಂಡ್ ಎಂಬ ಊರಿನ ಜಾನ್ ಎಲ್ಮನ್ 18ನೇ ಶತಮಾನದ ಕೊನೆಯಲ್ಲಿ ಇಲ್ಲಿನ ಸೌತ್‌ಡೌನ್ ತಳಿಯ ಕುರಿಯನ್ನು ತಿದ್ದಿ ಬೆಳೆಸಿದ, ಅದು ಮುಂದೆ ದೂರದ ದೇಶಗಳಿಗೂ ಹೋಯಿತು. ಮೇಲೆ ನೀರು ನಿಲ್ಲದ ಗುಡ್ಡದಲ್ಲಿ ಮಂದೆಗೆ ನೀರು ಬೇಕಲ್ಲ, ಅದಕ್ಕೆ ಕುರಿಗಾಹಿಗಳು ಗುಂಡಗೆ ಹೊಂಡ ತೋಡಿ, ತಳಕ್ಕೆ ಜೇಡಿಮಣ್ಣು ತುಳಿದು ಮೆತ್ತಿ ಮಳೆನೀರು ಹಿಡಿದಿಡುತ್ತಿದ್ದರು. ಅಂಥ ಹೊಂಡಗಳು ಇಂದಿಗೂ ಅಲ್ಲಲ್ಲಿ ಸಿಗುತ್ತವೆ, ಮಕ್ಕಳಿಗೆ ಕಪ್ಪೆಮರಿ ನೋಡುವ ಜಾಗ.

ಎರಡನೆಯ ಮಹಾಯುದ್ಧದ ಕಾಲದಲ್ಲೂ ಆಮೇಲೂ ದವಸ ಬೆಳೆಯಲು ಗುಡ್ಡಗಳನ್ನು ಉತ್ತು ಗೊಬ್ಬರ ಸುರಿದರು. ಹಳೆಯ ಹುಲ್ಲುಗಾವಲಿನ ಬಹುಪಾಲು ಹೀಗೆ ಹೋಯಿತು. ಉಳಿದದ್ದು ನೇಗಿಲು ಹತ್ತಲಾರದ ಕಡಿದಾದ ಇಳಿಜಾರುಗಳಲ್ಲಿ. ಜುಲೈ, ಆಗಸ್ಟ್‌ನಲ್ಲಿ ಹೋದವರು ಅಲ್ಲಿ ತಿಳಿನೀಲಿಯ ಚಾಕ್‌ಹಿಲ್ ಬ್ಲೂ ಚಿಟ್ಟೆ ಹುಡುಕಬೇಕು. ಅದು ಮೊಟ್ಟೆಯಿಡುವುದು ಕುದುರೆಲಾಳದ ಆಕಾರದ ಕಾಯಿ ಬಿಡುವ ಹಳದಿ ಹೂವಿನ ಒಂದು ಗಿಡದ ಆಸರೆಯಲ್ಲಿ ಮಾತ್ರ. ಅದರ ಕಂಬಳಿಹುಳು ಸಿಹಿ ರಸ ಸುರಿಸುತ್ತದೆ, ಅದನ್ನು ಕುಡಿಯಲು ಬರುವ ಇರುವೆಗಳು ಹುಳುವಿಗೆ ಕಾವಲು ನಿಲ್ಲುತ್ತವೆ. ಕುರಿ ಮೇಯದಿದ್ದರೆ ಹುಲ್ಲು ಎತ್ತರವಾಗುತ್ತದೆ, ಗಿಡ ಸಾಯುತ್ತದೆ, ಚಿಟ್ಟೆಯೂ ಹೋಗುತ್ತದೆ. ದಾರಿಯಲ್ಲಿ ಕುರಿಮಂದೆ ಅಡ್ಡ ಬಂದಾಗ ಮಕ್ಕಳಿಗೆ ಈ ಸರಪಳಿಯನ್ನು ಹೇಳಿ. ತಲೆಯ ಮೇಲೆ ಬಿಡದೆ ಹಾಡುವ ಕಾಣದ ಹಕ್ಕಿ ಬಾನಾಡಿ. ಅದು ನೆಲದ ಮೇಲೆಯೇ ಗೂಡು ಕಟ್ಟುತ್ತದೆ, ಆದ್ದರಿಂದ ಮೊಟ್ಟೆಯ ಕಾಲದಲ್ಲಿ ದಾರಿ ಬಿಟ್ಟು ಹುಲ್ಲಿಗಿಳಿಯಬಾರದು.

ಇನ್ನು ಜನರ ಕಥೆ. ನಮಗೆ ರಾಷ್ಟ್ರೀಯ ಉದ್ಯಾನ ಎಂದರೆ ಬಂಡೀಪುರ, ನಾಗರಹೊಳೆ: ಗೇಟು, ಟಿಕೆಟ್ಟು, ಜೀಪು. ಸೌತ್ ಡೌನ್ಸ್ ರಾಷ್ಟ್ರೀಯ ಉದ್ಯಾನಕ್ಕೆ ಗೇಟೂ ಇಲ್ಲ, ಪ್ರವೇಶ ಶುಲ್ಕವೂ ಇಲ್ಲ. 1,600 ಚದರ ಕಿಲೋಮೀಟರಿಗೂ ಹೆಚ್ಚಿನ ಈ ನಾಡಿನೊಳಗೆ ಹೊಲ, ಹಳ್ಳಿ, ಲೂಯಿಸ್‌ನಂಥ ಪಟ್ಟಣ, ಲಕ್ಷಕ್ಕೂ ಮಿಕ್ಕಿ ಜನ ಇದ್ದಾರೆ. ನೆಲ ಹೆಚ್ಚಾಗಿ ಖಾಸಗಿಯವರದು. ಆದರೂ ನೀವು ರೈತನ ಗೋಧಿಹೊಲದ ನಡುವೆ ತಲೆಯೆತ್ತಿ ನಡೆದುಹೋಗಬಹುದು, ಯಾಕೆಂದರೆ ಆ ಕಾಲುದಾರಿ ಸಾರ್ವಜನಿಕರ ಹಕ್ಕು. 1949ರ ಕಾನೂನಿನ ಪ್ರಕಾರ ಇಂಥ ದಾರಿಗಳನ್ನೆಲ್ಲ ಅಧಿಕೃತ ನಕ್ಷೆಯಲ್ಲಿ ಗುರುತಿಸಿದ್ದಾರೆ. ಒಮ್ಮೆ ನಕ್ಷೆಗೆ ಬಂದ ದಾರಿಯನ್ನು ಮಾಲೀಕ ತನ್ನಿಷ್ಟಕ್ಕೆ ಮುಚ್ಚುವಂತಿಲ್ಲ, ಉತ್ತರೂ ಮತ್ತೆ ಬಿಡಿಸಿಕೊಡಬೇಕು. 2000ದ ಕಾನೂನು ಇನ್ನೂ ಮುಂದೆ ಹೋಗಿ ಬಯಲುಗುಡ್ಡಗಳ ಎಷ್ಟೋ ಭಾಗದಲ್ಲಿ ದಾರಿಯ ಹಂಗಿಲ್ಲದೆ ತಿರುಗಾಡುವ ಹಕ್ಕು ಕೊಟ್ಟಿತು. ಕಂಬದ ಮೇಲೆ ಹಳದಿ ಬಾಣವಿದ್ದರೆ ಅದು ನಡೆಯುವವರ ದಾರಿ. ನೀಲಿ ಬಾಣವಿದ್ದರೆ ಕುದುರೆ, ಸೈಕಲ್ಲೂ ಬರುತ್ತವೆ, ಮಕ್ಕಳನ್ನು ಬದಿಗೆ ಕರೆದುಕೊಳ್ಳಬೇಕು. ಓಕ್ ಮರದ ಕಾಯಿಯ ಗುರುತಿದ್ದರೆ ವಿಂಚೆಸ್ಟರ್‌ನಿಂದ ಈಸ್ಟ್‌ಬೋರ್ನ್‌ವರೆಗೆ ಸುಮಾರು 160 ಕಿಲೋಮೀಟರ್ ಸಾಗುವ ಸೌತ್ ಡೌನ್ಸ್ ವೇ ಎಂಬ ಹೆದ್ದಾರಿಯಂಥ ಕಾಲುದಾರಿಯಲ್ಲಿ ನೀವಿದ್ದೀರಿ ಎಂದರ್ಥ. ಬೇಲಿ ದಾಟುವಲ್ಲಿ ತಡಮೆ, ಉಣುಗೋಲಿನಂಥವೇ ಸಿಗುತ್ತವೆ, ಮಲೆನಾಡಿನಿಂದ ಬಂದ ಅಜ್ಜಿಗೆ ಅದನ್ನು ದಾಟುವುದು ಯಾರೂ ಕಲಿಸಬೇಕಿಲ್ಲ. ತೆರೆದಿದ್ದ ಗೇಟನ್ನು ತೆರೆದೇ ಬಿಡಬೇಕು, ಮುಚ್ಚಿದ್ದನ್ನು ಮುಚ್ಚಬೇಕು, ಅಷ್ಟೆ ನಿಯಮ.

ಈ ನೆಮ್ಮದಿ ಸುಮ್ಮನೆ ಒದಗಿದ್ದಲ್ಲ. ಮೊದಲ ಮಹಾಯುದ್ಧದ ಹೊತ್ತಿಗೆ ಬ್ರೈಟನ್ನಿನ ಪೂರ್ವಕ್ಕೆ ಪೀಸ್‌ಹೇವನ್ ಎಂಬ ಬಡಾವಣೆ ಶುರುವಾಯಿತು. ಕಡಲಗೋಡೆಯ ಮೇಲಿನ ಬಯಲನ್ನು ಸೈಟುಗಳಾಗಿ ಸೀಳಿ ಮಾರಿದರು, ಸಾಲುಸಾಲು ಮನೆಗಳೆದ್ದವು. ಹೀಗೇ ಬಿಟ್ಟರೆ ಸೆವೆನ್ ಸಿಸ್ಟರ್ಸ್ ಮೇಲೂ ಬಂಗಲೆಗಳು ಏಳುತ್ತವೆ ಎಂಬ ಭಯ ಜನರನ್ನು ಎಬ್ಬಿಸಿತು. 1923ರಲ್ಲಿ ಹುಟ್ಟಿದ ಸೊಸೈಟಿ ಆಫ್ ಸಸೆಕ್ಸ್ ಡೌನ್ಸ್‌ಮೆನ್ ಸಂಸ್ಥೆ ವಂತಿಗೆ ಎತ್ತಿ 1926ರಲ್ಲಿ ಕ್ರೌಲಿಂಕ್ ಎಂಬಲ್ಲಿ ಶಿಖರಗಳ ಹಿಂದಿನ ನೆಲವನ್ನು ಕೊಂಡು ಉಳಿಸಿತು. ಅದೇ ವರ್ಷ ಈಸ್ಟ್‌ಬೋರ್ನ್ ನಗರಸಭೆ ಪಾರ್ಲಿಮೆಂಟಿನಿಂದ ಅಧಿಕಾರ ಪಡೆದು, ಮುಂದಿನ ಕೆಲವೇ ವರ್ಷಗಳಲ್ಲಿ 4,000 ಎಕರೆಗೂ ಹೆಚ್ಚು ಗುಡ್ಡವನ್ನು ಖರೀದಿಸಿತು. ಅಂದವೊಂದೇ ಅಲ್ಲ, ಊರಿನ ಕುಡಿಯುವ ನೀರೂ ಅದಕ್ಕೆ ಕಾರಣ. ಸುಣ್ಣದ ಕಲ್ಲು ಹೀರಿದ ಮಳೆಯೇ ಇಲ್ಲಿನ ಊರುಗಳ ಬಾವಿಗೆ ಬರುವುದು. ಗುಡ್ಡದ ಮೇಲೆ ಕಟ್ಟಡ ಬಂದರೆ ನೀರು ಕೆಡುತ್ತದೆ ಎಂಬುದನ್ನು ನೂರು ವರ್ಷದ ಹಿಂದೆಯೇ ಒಂದು ಪುರಸಭೆ ಅರಿತು ಹಣ ಸುರಿದದ್ದು ನನಗೆ ದೊಡ್ಡ ಸಂಗತಿಯಾಗಿ ಕಾಣುತ್ತದೆ. 1947ರಲ್ಲಿ ಸರ್ಕಾರಿ ಸಮಿತಿಯೊಂದು ಸೌತ್ ಡೌನ್ಸ್ ಅನ್ನು ರಾಷ್ಟ್ರೀಯ ಉದ್ಯಾನ ಮಾಡಲು ಶಿಫಾರಸು ಮಾಡಿತ್ತು. ಉಳುಮೆಯಿಂದ ಹುಲ್ಲುಗಾವಲು ಹಾಳಾಗಿದೆ ಎಂಬ ಕಾರಣ ಕೊಟ್ಟು 1950ರ ದಶಕದಲ್ಲಿ ಅದನ್ನು ಕೈಬಿಟ್ಟರು. ಜನ ಬಿಡಲಿಲ್ಲ. 2010ರಲ್ಲಿ ಕೊನೆಗೂ ಆಯಿತು.

ಎಲ್ಲಿ ನಡೆಯಬೇಕು? ನನ್ನ ಸಲಹೆ, ಮನೆಯಲ್ಲಿ ಎಲ್ಲರಿಗಿಂತ ನಿಧಾನ ನಡೆಯುವವರು ಯಾರೋ ಅವರ ಕಾಲಿಗೆ ತಕ್ಕ ದಾರಿ ಆರಿಸಿ. ಹರೆಯದವರು ಮುಂದೆ ಓಡಿ, ಅಜ್ಜ ಹಿಂದೆ ಏದುಸಿರು ಬಿಡುತ್ತ ಒಬ್ಬನೇ ಉಳಿದರೆ ಅದು ಮನೆಮಂದಿಯ ನಡಿಗೆ ಎನಿಸಿಕೊಳ್ಳುವುದಿಲ್ಲ.

ತಳ್ಳುಗಾಡಿಯ ಕೂಸು ಅಥವಾ ಗಾಲಿಕುರ್ಚಿಯ ಹಿರಿಯರಿದ್ದರೆ ಬ್ರೈಟನ್ ಮರೀನಾದಿಂದ ಸಾಲ್ಟ್‌ಡೀನ್‌ವರೆಗಿನ ಅಂಡರ್‌ಕ್ಲಿಫ್ ದಾರಿ. ಸುಮಾರು 5 ಕಿಲೋಮೀಟರ್, ಪೂರ್ತಿ ಮಟ್ಟಸ ಕಾಂಕ್ರೀಟು. ಎಡಕ್ಕೆ ತಲೆಯೆತ್ತಿ ನೋಡುವ ಬಿಳಿಯ ಗೋಡೆ, ಬಲಕ್ಕೆ ಕಡಲು, ನಡುನಡುವೆ ಚಹದಂಗಡಿ. ಸಾಕೆನಿಸಿದಲ್ಲಿ ರೊಟಿಂಗ್‌ಡೀನ್‌ನಲ್ಲಿ ಮೇಲೆ ಹತ್ತಿ ಬಸ್ಸು ಹಿಡಿಯಬಹುದು. ಬಂಡೆ ಬಿದ್ದಾಗ ಈ ದಾರಿಯ ಕೆಲಭಾಗ ಮುಚ್ಚಿರುವುದುಂಟು, ಹೊರಡುವ ಮುನ್ನ ವಿಚಾರಿಸಬೇಕು.

ಇನ್ನು ನನಗೆ ಬಹಳ ಇಷ್ಟವಾದ ದಾರಿ. ಬ್ರೈಟನ್–ಈಸ್ಟ್‌ಬೋರ್ನ್ ನಡುವೆ ಓಡುವ 12ನೇ ನಂಬರಿನ ಬಸ್ಸು ಎಕ್ಸೀಟ್ ಎಂಬಲ್ಲಿ ನಿಲ್ಲುತ್ತದೆ. ಅಲ್ಲಿ ಚಕಮಕಿ ಕಲ್ಲಿನ ಹಳೆಯ ಕಣಜದಲ್ಲಿ ಮಾಹಿತಿ ಕೇಂದ್ರವಿದೆ. ಅಲ್ಲಿಂದ ಕುಕ್‌ಮಿಯರ್ ನದಿಯ ಪಕ್ಕದಲ್ಲೇ ಸುಮಾರು 2 ಕಿಲೋಮೀಟರ್ ಮಟ್ಟಸ ದಾರಿ ಕಡಲಿನವರೆಗೆ ಒಯ್ಯುತ್ತದೆ. ಹಾವಿನ ಹಾಗೆ ಸುತ್ತಿ ಮಲಗಿರುವ ನದಿಯ ಹಳೆಯ ತಿರುವುಗಳಲ್ಲಿ ಈಗ ಹರಿವಿಲ್ಲ. 19ನೇ ಶತಮಾನದ ನಡುವಿನಲ್ಲಿ ನೆರೆ ತಡೆಯಲು ನೇರ ಕಾಲುವೆ ತೋಡಿ ನದಿಯನ್ನು ಅದಕ್ಕೆ ತಿರುಗಿಸಿದರು. ತಿರುವುಗಳು ಈಗ ಕೊಕ್ಕರೆ, ಬಾತುಗಳ ಪಾಲು. ತೀರದ ಬಳಿ ಎರಡನೆಯ ಮಹಾಯುದ್ಧದ ಕಾಂಕ್ರೀಟಿನ ಅಡ್ಡಗಟ್ಟೆಗಳಿವೆ, ಜರ್ಮನಿಯ ಟ್ಯಾಂಕುಗಳು ಇಳಿಯದಂತೆ ಇಟ್ಟವು. ತೀರದಲ್ಲಿ ಮರಳಿಲ್ಲ, ಎಲ್ಲ ನುಣ್ಣನೆಯ ಚಕಮಕಿಯ ಉರುಟು ಕಲ್ಲು. ಮಕ್ಕಳಿಗೆ ನೀರಿಗೆ ಎಸೆಯಲು ಮುಗಿಯದಷ್ಟು ಕಲ್ಲು. ಗಟ್ಟಿಗಾಲಿನವರು ಇಲ್ಲಿಂದ ಹೇವನ್ ಬ್ರೋ ಹತ್ತಿ ಏಳೂ ಶಿಖರ ದಾಟಿ ಬರ್ಲಿಂಗ್ ಗ್ಯಾಪ್ ಸೇರಬಹುದು, ಎಕ್ಸೀಟ್‌ನಿಂದ ಒಟ್ಟು ಆರೇಳು ಕಿಲೋಮೀಟರ್. ಲೆಕ್ಕ ಸಣ್ಣದೆನಿಸಿದರೂ ಏರಿಳಿತ ಮಂಡಿಗೆ ಕಠಿಣ. ಹಿರಿಯರು ಅದೇ ಬಸ್ಸಿನಲ್ಲಿ ಈಸ್ಟ್‌ಡೀನ್‌ವರೆಗೆ ಹೋಗಿ, ಅಲ್ಲಿನ ಹಸಿರು ಬಯಲಿನ ಸುತ್ತಲ ಹಳ್ಳಿ ನೋಡಿ, ನಿಧಾನಕ್ಕೆ ಬರ್ಲಿಂಗ್ ಗ್ಯಾಪ್‌ಗೆ ಇಳಿದು ಅವರನ್ನು ಕೂಡಿಕೊಳ್ಳಬಹುದು. ಅಲ್ಲಿ ತಿಂಡಿ, ಶೌಚಾಲಯ, ತೀರಕ್ಕಿಳಿಯಲು ಮೆಟ್ಟಿಲು ಎಲ್ಲ ಇವೆ.

ಸೆವೆನ್ ಸಿಸ್ಟರ್ಸ್ ಮೇಲೆ ನಿಂತರೆ ಸೆವೆನ್ ಸಿಸ್ಟರ್ಸ್ ಕಾಣುವುದಿಲ್ಲ. ಅದನ್ನು ಮುಖಕ್ಕೆ ಮುಖವಾಗಿ ನೋಡಲು ನದಿಯ ಆಚೆದಡದ ಸೀಫರ್ಡ್ ಹೆಡ್‌ಗೆ ಹೋಗಬೇಕು. ಹೋಪ್ ಗ್ಯಾಪ್ ಕಡೆಯಿಂದ ನಡೆದರೆ, ಕರಾವಳಿ ಕಾವಲಿನವರ ಹಳೆಯ ಮನೆಗಳ ಮುಂದೆ ಏಳು ಶಿಖರಗಳು ಒಮ್ಮೆಲೇ ಎದುರಾಗುವ ಆ ಜಾಗವೇ ಕ್ಯಾಲೆಂಡರುಗಳಲ್ಲಿ, ಸಿನಿಮಾಗಳಲ್ಲಿ ಬರುವುದು.

ಗುಡ್ಡದ ಮೇಲೆ ನೆರಳಿಲ್ಲ, ನೀರಿಲ್ಲ, ಗಾಳಿ ಮಾತ್ರ ಧಾರಾಳ. ಜುಲೈನಲ್ಲೂ ಒಂದು ಗಾಳಿತಡೆಯುವ ಜಾಕೆಟ್ಟು, ಅಜ್ಜಿಗೆ ಕಿವಿ ಮುಚ್ಚುವ ಟೋಪಿ ಬೇಕು. ಸೀರೆಯುಟ್ಟವರಿಗೆ ಈ ಗಾಳಿ ಸುಖವಲ್ಲ, ಆ ದಿನಕ್ಕೆ ಚೂಡಿದಾರ್ ಒಳ್ಳೆಯದು. ಒದ್ದೆಯಾದ ಸುಣ್ಣದ ಕಲ್ಲು ವಿಪರೀತ ಜಾರುತ್ತದೆ, ಹಿಡಿತವಿರುವ ಬೂಟು ಇಲ್ಲದೆ ಮಳೆಯ ಮರುದಿನ ಇಳಿಜಾರಿಗೆ ಹೋಗಬಾರದು. ಕರುವಿರುವ ಹಸುಗಳ ನಡುವೆ ನುಗ್ಗದೆ ಬಳಸಿ ನಡೆಯಬೇಕು. ಹುಲ್ಲಿನಲ್ಲಿ ಉಣ್ಣೆಹುಳು ಇರುತ್ತವೆ, ಸಂಜೆ ಮಕ್ಕಳ ಕಾಲು, ಮಂಡಿಯ ಹಿಂಬದಿ ನೋಡಬೇಕು. ಬುತ್ತಿಗೆ ಪುಳಿಯೋಗರೆ, ಚಪಾತಿ ಪಲ್ಯದ ಸುರುಳಿ ಚೆನ್ನಾಗಿ ಹೊಂದುತ್ತವೆ. ಕಾಗದ, ಸಿಪ್ಪೆ ಎಲ್ಲ ವಾಪಸು ಚೀಲಕ್ಕೆ. ಬೇಸಿಗೆಯಲ್ಲಿ ರಾತ್ರಿ ಒಂಬತ್ತರವರೆಗೂ ಬೆಳಕಿರುವುದರಿಂದ ಅವಸರವಿಲ್ಲ. ಡಿಸೆಂಬರಿನಲ್ಲಿ ನಾಲ್ಕು ಗಂಟೆಗೇ ಕತ್ತಲಾಗುತ್ತದೆ, ಕೊನೆಯ ಬಸ್ಸಿನ ಹೊತ್ತು ಗೊತ್ತಿರಬೇಕು.

ಭಾರತದಿಂದ ಹೋದವರು ತಪ್ಪಿಸಬಾರದ ಇನ್ನೊಂದು ನಡಿಗೆ ಬ್ರೈಟನ್ನಿನ ಉತ್ತರಕ್ಕಿದೆ. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನ ರಣರಂಗದಲ್ಲಿ ಗಾಯಗೊಂಡ ಭಾರತೀಯ ಸಿಪಾಯಿಗಳನ್ನು ಬ್ರೈಟನ್ನಿಗೆ ತಂದರು. ಊರಿನ ರಾಯಲ್ ಪೆವಿಲಿಯನ್ ಅರಮನೆಯೇ ಆಸ್ಪತ್ರೆಯಾಯಿತು. ಅವರವರ ಆಚಾರಕ್ಕೆ ತಕ್ಕ ಬೇರೆಬೇರೆ ಅಡುಗೆಮನೆಗಳನ್ನೂ ಏರ್ಪಡಿಸಿದ್ದರು. ಬ್ರೈಟನ್ನಿನಲ್ಲಿ ತೀರಿಕೊಂಡ ಹಿಂದೂ ಮತ್ತು ಸಿಖ್ ಸೈನಿಕರಲ್ಲಿ 53 ಜನರನ್ನು ಪ್ಯಾಚಮ್ ಊರಿನ ಮೇಲಿನ ಸುಣ್ಣದ ಗುಡ್ಡದಲ್ಲಿ ದಹನ ಮಾಡಿದರು. ಅದೇ ಜಾಗದಲ್ಲಿ ಬಿಳಿಯ ಅಮೃತಶಿಲೆಯ ಗುಮ್ಮಟದ ಛತ್ರಿ ಕಟ್ಟಿದ್ದಾರೆ. ಅದರ ವಿನ್ಯಾಸ ಇ.ಸಿ. ಹೆನ್ರಿಕ್ಸ್ ಎಂಬ ಭಾರತದ ಯುವ ವಾಸ್ತುಶಿಲ್ಪಿಯದು. 1921ರ ಫೆಬ್ರವರಿ 1ರಂದು ಆಗಿನ ಯುವರಾಜ ಅದನ್ನು ಅನಾವರಣ ಮಾಡಿದ. ಬಹಳ ಕಾಲ ಅಲ್ಲಿ ಸತ್ತವರ ಹೆಸರುಗಳಿರಲಿಲ್ಲ. 2010ರಲ್ಲಿ ಪಕ್ಕದಲ್ಲೇ 53 ಹೆಸರುಗಳನ್ನೂ ಕೆತ್ತಿದ ಕಲ್ಲನ್ನು ನಿಲ್ಲಿಸಿದರು. ಛತ್ರಿಗೆ ವಾಹನದ ದಾರಿಯಿಲ್ಲ. ಪ್ಯಾಚಮ್ ಕಡೆಯಿಂದ ಕುದುರೆದಾರಿಯಲ್ಲಿ ಒಂದೆರಡು ಕಿಲೋಮೀಟರ್ ಸಣ್ಣ ಏರು ಹತ್ತಿಯೇ ಹೋಗಬೇಕು, ಮಕ್ಕಳ ಕಾಲಿಗೆ ಅದು ಹೆಚ್ಚಲ್ಲ. ಪ್ರತಿವರ್ಷ ಜೂನ್‌ನಲ್ಲಿ ಅಲ್ಲಿ ಸ್ಮರಣೆಯ ಕಾರ್ಯಕ್ರಮ ನಡೆಯುತ್ತದೆ. ಆ ತಿಂಗಳು ನೀವು ಇಂಗ್ಲೆಂಡಿನಲ್ಲಿದ್ದರೆ ಮೊದಲ ನಡಿಗೆಗೆ ಅದನ್ನೇ ಆರಿಸಿಕೊಳ್ಳಿ, ಹೆಸರುಗಳ ಕಲ್ಲಿನ ಮುಂದೆ ಮಕ್ಕಳಿಂದ ಒಂದೊಂದು ಹೆಸರನ್ನೂ ಗಟ್ಟಿಯಾಗಿ ಓದಿಸಿ.